ಹೆಸರು ಬಚ್ಚಿಟ್ಟ ವೈಫೈ

ಬನಹಟ್ಟಿಯ ನೇಕಾರ ಓಣಿಯೊಂದರಲ್ಲಿ ಲ್ಯಾಪ್‌ಟಾಪ್ ತೆರೆದು ವೈಫೈ ಪಟ್ಟಿ ನೋಡಿದರೆ ಹೆಸರುಗಳು ಸಾಲಾಗಿ ಬರುತ್ತವೆ. ಒಂದು ಮನೆತನದ ಹೆಸರು, ಒಂದು ಸೀರೆ ಅಂಗಡಿಯದು, ಒಂದು ಮನೆದೇವರದು, ಇನ್ನೊಂದು ಕಂಪನಿಯವರೇ ಇಟ್ಟುಹೋದ ಅಕ್ಷರ–ಅಂಕಿಗಳ ಸರಮಾಲೆ. ಈ ಸಾಲಿನ ಕೊನೆಗೆ ‘ಹಿಡನ್ ನೆಟ್‌ವರ್ಕ್’ ಎಂಬ ಒಂದು ನಮೂದೂ ಕಾಣಿಸುತ್ತದೆ. ಅಂದರೆ ಅಲ್ಲೆಲ್ಲೋ ಒಂದು ರೂಟರ್ ಇದೆ, ಅದರ ಯಜಮಾನರು ಅದರ ಹೆಸರನ್ನು ಬಚ್ಚಿಟ್ಟಿದ್ದಾರೆ.

ಹೀಗೆ ಬಚ್ಚಿಡುವವರು ನಮ್ಮ ಕಡೆ ಈಗೀಗ ಹೆಚ್ಚಾಗಿದ್ದಾರೆ. ‘ಬಾಜೂ ಮನ್ಯಾವ್ರು ನಮ್ಮ ನೆಟ್ ಬಳಸಾಕತ್ತಾರ್ರಿ’ ಎಂದು ಯಾರಾದರೂ ದೂರಿದರೆ, ಮೊಬೈಲ್ ಅಂಗಡಿಯಲ್ಲಿ ಕೂತವರು ಒಂದೇ ಮಾತಿನಲ್ಲಿ ಪರಿಹಾರ ಹೇಳಿಬಿಡುತ್ತಾರೆ: ‘ಹೆಸರು ಹೈಡ್ ಮಾಡಿಸಿಬಿಡ್ರಿ, ಯಾರಿಗೂ ಕಾಣಂಗಿಲ್ಲ.’ ಸಲಹೆ ಕೊಟ್ಟವರ ಮನಸ್ಸು ಒಳ್ಳೆಯದೇ. ಆದರೆ ಸಲಹೆ ತಪ್ಪು. ಹೆಸರು ಬಚ್ಚಿಟ್ಟರೆ ಕಳ್ಳನಿಗೆ ಏನೂ ಕಷ್ಟವಾಗುವುದಿಲ್ಲ, ನಿಮ್ಮ ಫೋನು ಮಾತ್ರ ಮೊದಲಿಗಿಂತ ಹೆಚ್ಚು ಗುಟ್ಟು ಬಿಟ್ಟುಕೊಡಲು ಶುರುಮಾಡುತ್ತದೆ. ಅದಕ್ಕಿಂತ ದೊಡ್ಡ ಕೇಡೆಂದರೆ, ಬಚ್ಚಿಟ್ಟಾಯಿತಲ್ಲ ಎಂಬ ನೆಮ್ಮದಿಯಲ್ಲಿ ನಿಜವಾಗಿ ಮಾಡಬೇಕಾದ ಕೆಲಸಗಳು ಹಾಗೆಯೇ ಉಳಿದುಬಿಡುತ್ತವೆ.

ವೈಫೈ ಸುರಕ್ಷತೆ ಈಗ ದೊಡ್ಡ ಊರುಗಳವರ ಚಿಂತೆಯಾಗಿ ಮಾತ್ರ ಉಳಿದಿಲ್ಲ. ರಬಕವಿ-ಬನಹಟ್ಟಿಯ ನೇಕಾರರು ಸೀರೆಯ ಹೊಸ ಡಿಸೈನನ್ನು ವ್ಯಾಪಾರಿಗೆ ತೋರಿಸುವುದು ವಾಟ್ಸ್‌ಆಪ್‌ನಲ್ಲಿ, ಹಣ ಬರುವುದು ಯುಪಿಐನಲ್ಲಿ. ಮುಧೋಳ ಸೀಮೆಯ ರೈತರ ಕಬ್ಬಿನ ಬಿಲ್ಲು ನೇರ ಬ್ಯಾಂಕ್ ಖಾತೆಗೆ ಬೀಳುತ್ತದೆ. ಕೃಷ್ಣೆಯ ಹಿನ್ನೀರಿಗೆ ಹೊಲ ಕೊಟ್ಟ ಬೀಳಗಿ ಕಡೆಯ ಕುಟುಂಬಗಳ ಪರಿಹಾರದ ಹಣ, ಜಮಖಂಡಿಯ ವಿದ್ಯಾರ್ಥಿಗಳ ಸ್ಕಾಲರ್‌ಶಿಪ್ ಎಲ್ಲವೂ ಖಾತೆಗಳಲ್ಲಿದೆ, ಆ ಖಾತೆಗಳೆಲ್ಲ ಫೋನಿನಲ್ಲಿವೆ. ಆ ಫೋನು ಹೊರಜಗತ್ತಿಗೆ ಹೋಗುವುದು ಮನೆಯ ಮೂಲೆಯಲ್ಲಿ ದೀಪ ಮಿಣುಕಿಸುತ್ತ ಕೂತ ರೂಟರ್ ಮೂಲಕ. ಅದರ ರಕ್ಷಣೆ ಹೇಗೆ ಎಂಬುದು ಮನೆಯವರೆಲ್ಲರಿಗೂ ಗೊತ್ತಿರಬೇಕಾದ ಸಂಗತಿ.

ಹೆಸರು ಬಚ್ಚಿಟ್ಟಾಗ ಏನಾಗುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡೋಣ.

ರೂಟರ್ ಸೆಕೆಂಡಿಗೆ ಸುಮಾರು ಹತ್ತು ಸಲ ಒಂದು ಸಣ್ಣ ಸಂದೇಶವನ್ನು ಗಾಳಿಗೆ ಬಿಡುತ್ತಿರುತ್ತದೆ. ಇದಕ್ಕೆ ಬೀಕನ್ ಎನ್ನುತ್ತಾರೆ. ಎರಡು ಬೀಕನ್‌ಗಳ ನಡುವಿನ ಅಂತರ ಸಾಮಾನ್ಯವಾಗಿ 102.4 ಮಿಲಿಸೆಕೆಂಡು. ರೂಟರ್‌ನ ಯಂತ್ರಸಂಖ್ಯೆ, ಅದು ಬಳಸುವ ಚಾನೆಲ್, ಪಾಸ್‌ವರ್ಡ್ ರಕ್ಷಣೆ ಯಾವ ಬಗೆಯದು ಎಂಬ ವಿವರಗಳೆಲ್ಲ ಅದರಲ್ಲಿರುತ್ತವೆ, ಜೊತೆಗೆ ನೆಟ್‌ವರ್ಕ್‌ನ ಹೆಸರೂ ಇರುತ್ತದೆ. ಎಸ್‌ಎಸ್‌ಐಡಿ ಎಂದು ಸೆಟ್ಟಿಂಗ್ಸ್‌ನಲ್ಲಿ ಕಾಣುವುದು ಈ ಹೆಸರೇ. ‘ಹೈಡ್’ ಎಂದು ಒತ್ತಿದಾಗ ರೂಟರ್ ಬೀಕನ್ ಬಿಡುವುದನ್ನು ನಿಲ್ಲಿಸುವುದಿಲ್ಲ, ಹೆಸರಿನ ಜಾಗವೊಂದನ್ನು ಖಾಲಿ ಬಿಡುತ್ತದೆ, ಅಷ್ಟೆ. ಪವರ್‌ಲೂಮ್ ಶೆಡ್ಡಿನ ಬೋರ್ಡು ಇಳಿಸಿದರೆ ಒಳಗಿನ ಮಗ್ಗದ ಸದ್ದು ಓಣಿಗೆ ಕೇಳದೇ ಇದ್ದೀತೇ? ಇದೂ ಹಾಗೆಯೇ.

ಹಾಗೆ ಖಾಲಿ ಬಿಟ್ಟ ಹೆಸರೂ ಗುಟ್ಟಾಗಿ ಉಳಿಯುವುದಿಲ್ಲ. ಮನೆಯವರ ಫೋನು ಆ ನೆಟ್‌ವರ್ಕ್‌ಗೆ ಸೇರಬೇಕಾದರೆ ‘ಇಂಥ ಹೆಸರಿನ ನೆಟ್‌ವರ್ಕ್‌ಗೆ ನನ್ನನ್ನು ಸೇರಿಸಿಕೋ’ ಎಂಬ ಕೋರಿಕೆ ಕಳಿಸಲೇಬೇಕು. ಆ ಕೋರಿಕೆಯಲ್ಲಿ ಹೆಸರು ಗೂಢಲಿಪಿಯಿಲ್ಲದೆ, ಇದ್ದ ಹಾಗೇ ಇರುತ್ತದೆ. ರೇಡಿಯೋ ಅಲೆಯನ್ನು ಸುಮ್ಮನೆ ಆಲಿಸುವ ಕಿಸ್ಮೆಟ್‌ನಂಥ ಉಚಿತ ತಂತ್ರಾಂಶ ಒಂದಿದ್ದರೆ ಓದಿಕೊಳ್ಳಬಹುದು. ಕಾಯುವ ತಾಳ್ಮೆ ಇಲ್ಲದವನು ರೂಟರ್‌ನ ಹೆಸರಿನಲ್ಲಿ ಸುಳ್ಳು ಸಂದೇಶ ಕಳಿಸಿ ನಿಮ್ಮ ಫೋನಿನ ಸಂಪರ್ಕ ಒಮ್ಮೆ ಕಡಿದುಬಿಡುತ್ತಾನೆ. ಫೋನು ತಾನಾಗಿಯೇ ಮತ್ತೆ ಸೇರಲು ಹೋಗುತ್ತದೆ, ಹೆಸರು ಹೊರಬೀಳುತ್ತದೆ. ಡಬ್ಲ್ಯುಪಿಎ3 ಎಂಬ ಹೊಸ ರಕ್ಷಣೆ ಇರುವ ರೂಟರ್‌ನಲ್ಲಿ ಸಂಪರ್ಕ ಕಡಿಯುವ ಈ ಉಪಾಯ ನಡೆಯುವುದಿಲ್ಲ. ಆದರೆ ಸಂಜೆಯವರೆಗೆ ಕಾದರೆ ಮನೆಯವರಲ್ಲಿ ಯಾರಾದರೂ ಕೆಲಸ ಮುಗಿಸಿ ಬಂದೇ ಬರುತ್ತಾರೆ, ಅವರ ಫೋನು ಹೆಸರು ಹೇಳಿಯೇ ಹೇಳುತ್ತದೆ.

ಇದು ಹೊಸದಾಗಿ ಗೊತ್ತಾದ ವಿಷಯವೂ ಅಲ್ಲ. ವೈಫೈ ಬಂದ ಹೊಸತರಲ್ಲಿ ಅಮೆರಿಕದ ಲ್ಯೂಸೆಂಟ್ ಕಂಪನಿ ‘ಕ್ಲೋಸ್ಡ್ ನೆಟ್‌ವರ್ಕ್’ ಎಂಬ ಹೆಸರಿನಲ್ಲಿ ಇದೇ ಸೌಲಭ್ಯವನ್ನು ರಕ್ಷಣೆಯ ಒಂದು ಬಗೆಯಾಗಿ ಕೊಟ್ಟಿತ್ತು. 2001ರ ಮಾರ್ಚ್‌ನಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ವಿಲಿಯಂ ಅರ್ಬಾ, ನರೇಂದರ್ ಶಂಕರ್ ಮತ್ತು ಜಸ್ಟಿನ್ ವಾನ್ ಒಂದು ಪ್ರಬಂಧ ಬರೆದು, ಆ ಹೆಸರು ಗಾಳಿಯಲ್ಲಿ ಬಯಲಾಗಿಯೇ ಓಡಾಡುತ್ತದೆ ಎಂದು ತೋರಿಸಿದರು. ಅಂದೇ ಮುಗಿಯಬೇಕಿದ್ದ ನಂಬಿಕೆ ಇಂದಿಗೂ ನಮ್ಮ ಮೊಬೈಲ್ ಅಂಗಡಿಗಳಲ್ಲಿ ಬದುಕಿರುವುದು ನನಗೆ ಬೇಸರ ತರುತ್ತದೆ. ಆ ಸಲಹೆ ಪಡೆದವರು ಅಂಗಡಿಯವರನ್ನು ನಂಬಿ ನಿಶ್ಚಿಂತರಾಗಿರುತ್ತಾರೆ.

ಬಚ್ಚಿಡುವುದರಿಂದ ಲಾಭವಿಲ್ಲ ಎಂದಾಯಿತು. ನಷ್ಟ ಹೇಗೆ?

ಹೆಸರು ತೋರಿಸುವ ರೂಟರ್ ಇದ್ದಾಗ ಫೋನು ಬೀಕನ್ ಕೇಳಿಸಿಕೊಂಡು, ತನಗೆ ಪರಿಚಯದ ಹೆಸರು ಬಂದರೆ ಸೇರಿಕೊಳ್ಳುತ್ತದೆ. ಬಚ್ಚಿಟ್ಟ ನೆಟ್‌ವರ್ಕ್‌ ಹತ್ತಿರದಲ್ಲಿದೆಯೋ ಇಲ್ಲವೋ ಎಂದು ಅದಕ್ಕೆ ತಿಳಿಯುವ ದಾರಿಯಿಲ್ಲ. ಹಾಗಾಗಿ ಅದೇ ಹೆಸರು ಹಿಡಿದು ಕೂಗಬೇಕು. ಮನೆಯಲ್ಲಿ ಮಾತ್ರ ಅಲ್ಲ, ನೀವು ಹೋದಲ್ಲೆಲ್ಲ. ಬೀಳಗಿಯ ಮನೆಯಲ್ಲಿ ಬಚ್ಚಿಟ್ಟ ಹೆಸರನ್ನು ನಿಮ್ಮ ಫೋನು ಜಮಖಂಡಿ ಬಸ್ ನಿಲ್ದಾಣದಲ್ಲಿ, ಮುಧೋಳದ ಸಂತೆಯಲ್ಲಿ, ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ, ‘ಇದ್ದೀಯಾ, ಇದ್ದೀಯಾ’ ಎಂದು ಕೇಳುತ್ತಲೇ ಇರುತ್ತದೆ. ಆ ಹೆಸರಿನಲ್ಲಿ ನಿಮ್ಮ ಅಡ್ಡಹೆಸರೋ ಅಂಗಡಿಯ ಹೆಸರೋ ಇದ್ದರೆ, ಆ ಫೋನಿನವರು ಯಾರು, ಎಲ್ಲಿಯವರು ಎಂಬುದು ಅಪರಿಚಿತರಿಗೆ ಅಷ್ಟರಿಂದಲೇ ಗೊತ್ತಾಗುತ್ತದೆ.

ಇನ್ನೂ ಮುಂದೆ ಹೋಗುವವರಿದ್ದಾರೆ. ನಿಮ್ಮ ಫೋನು ಕೂಗಿದ ಹೆಸರಿನದೇ ಸುಳ್ಳು ನೆಟ್‌ವರ್ಕ್ ಒಂದನ್ನು ಅಲ್ಲೇ ಎಬ್ಬಿಸಿ ‘ಇದ್ದೇನೆ’ ಎಂದು ಉತ್ತರಿಸಬಹುದು. ನಿಮ್ಮ ನೆಟ್‌ವರ್ಕ್‌ಗೆ ಪಾಸ್‌ವರ್ಡೇ ಇಲ್ಲದಿದ್ದರೆ ಫೋನು ನಿಮಗೆ ಹೇಳದೆಯೇ ಅದಕ್ಕೆ ಸೇರಿಬಿಡುತ್ತದೆ. ಪಾಸ್‌ವರ್ಡ್ ಇದ್ದರೆ ಸೇರುವುದಿಲ್ಲ. ಆದರೆ ಡಬ್ಲ್ಯುಪಿಎ2 ಎಂಬ ಹಳೆಯ ರಕ್ಷಣೆ ಬಳಸುವ ಫೋನು ಸೇರಲು ಯತ್ನಿಸುವಾಗ ಕಳಿಸುವ ಮೊದಲ ಉತ್ತರವನ್ನು ಹಿಡಿದಿಟ್ಟುಕೊಂಡು, ಮನೆಗೆ ಹೋಗಿ ಪಾಸ್‌ವರ್ಡನ್ನು ಊಹಿಸುತ್ತ ಕೂರಬಹುದು.

ಫೋನು ತಯಾರಿಸಿದವರೂ ಇದನ್ನು ಮುಚ್ಚಿಟ್ಟಿಲ್ಲ. ಆಂಡ್ರಾಯ್ಡ್‌ನಲ್ಲಿ ನೆಟ್‌ವರ್ಕನ್ನು ‘ಹಿಡನ್’ ಎಂದು ಸೇರಿಸಲು ಹೋದರೆ, ಫೋನು ಅದನ್ನು ಹುಡುಕಲು ಮತ್ತೆ ಮತ್ತೆ ಸಂಕೇತ ಬಿಡುವುದರಿಂದ ಸುರಕ್ಷತೆಗೆ ಅಪಾಯವಾಗಬಹುದು ಎಂಬ ಎಚ್ಚರಿಕೆ ಅಲ್ಲಿಯೇ ಬರುತ್ತದೆ. ಐಫೋನಿನಲ್ಲೂ ಅಂಥ ನೆಟ್‌ವರ್ಕ್‌ನ ಕೆಳಗೆ ಗೋಪ್ಯತೆಯ ಎಚ್ಚರಿಕೆ ಕಾಣಿಸುತ್ತದೆ. ರೂಟರ್ ಹೇಗೆ ಹೊಂದಿಸಬೇಕು ಎಂಬ ಆಪಲ್ ಕಂಪನಿಯ ಸೂಚನೆಯಲ್ಲಿ ಹೆಸರು ಬಚ್ಚಿಡುವ ಸೌಲಭ್ಯವನ್ನು ಬಂದ್ ಇಡಿ ಎಂದೇ ಇದೆ. ಎಚ್ಚರಿಕೆ ಇಂಗ್ಲಿಷಿನಲ್ಲಿ ಬರುತ್ತದೆ, ನಾವು ಓದದೆ ‘ಓಕೆ’ ಒತ್ತುತ್ತೇವೆ.

ಆದರೂ ಕೆಲವೊಮ್ಮೆ ಬಚ್ಚಿಟ್ಟ ನೆಟ್‌ವರ್ಕ್‌ಗೆ ಸೇರಲೇಬೇಕಾಗುತ್ತದೆ. ಕೆಲಸ ಮಾಡುವ ಕಚೇರಿಯಲ್ಲೋ ಕಾಲೇಜಿನಲ್ಲೋ ಹಾಗೆ ಇಟ್ಟಿರುತ್ತಾರೆ, ಬದಲಿಸುವ ಅಧಿಕಾರ ನಮ್ಮದಲ್ಲ. ಆಗ ಅಲ್ಲಿನ ಹೊಣೆ ಹೊತ್ತವರಿಂದಲೇ ಮೂರು ವಿವರ ಪಡೆಯಬೇಕು: ಹೆಸರು, ರಕ್ಷಣೆಯ ಬಗೆ, ಪಾಸ್‌ವರ್ಡ್. ಆಂಡ್ರಾಯ್ಡ್ ಫೋನಿನಲ್ಲಿ ವೈಫೈ ಪಟ್ಟಿಯ ಕೊನೆಗೆ ‘ಆಡ್ ನೆಟ್‌ವರ್ಕ್’ ಎಂದಿರುತ್ತದೆ. ಅಲ್ಲಿ ಹೆಸರು ಬರೆದು, ರಕ್ಷಣೆಯ ಬಗೆ ಆರಿಸಿ, ಪಾಸ್‌ವರ್ಡ್ ಕೊಟ್ಟು, ‘ಅಡ್ವಾನ್ಸ್‌ಡ್’ ಒಳಗೆ ‘ಹಿಡನ್ ನೆಟ್‌ವರ್ಕ್’ ಎಂಬಲ್ಲಿ ‘ಯೆಸ್’ ಎನ್ನಬೇಕು. ಐಫೋನಿನಲ್ಲಿ ಪಟ್ಟಿಯ ಕೊನೆಯ ‘ಅದರ್’ ಒತ್ತಿದರೆ ಅದೇ ವಿವರ ಕೇಳುತ್ತದೆ. ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಪಟ್ಟಿಯಲ್ಲಿನ ‘ಹಿಡನ್ ನೆಟ್‌ವರ್ಕ್’ ಮೇಲೆಯೇ ಒತ್ತಿ ಹೆಸರು ಬರೆಯಬಹುದು. ಸೇರಲಾಗದಿದ್ದರೆ ಬಹಳ ಸಲ ಕಾರಣ ಒಂದೇ: ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರ, ನಡುವಿನ ಖಾಲಿ ಜಾಗ ಎಲ್ಲವೂ ಲೆಕ್ಕಕ್ಕೆ ಬರುತ್ತವೆ, ಒಂದು ತಪ್ಪಿದರೂ ರೂಟರ್ ಉತ್ತರಿಸುವುದಿಲ್ಲ.

ಸೇರಿದ ಮೇಲೆ ಇನ್ನೊಂದು ಕೆಲಸ ಬಾಕಿ ಇರುತ್ತದೆ. ಆ ನೆಟ್‌ವರ್ಕ್‌ನ ವಿವರದೊಳಗೆ ಹೋಗಿ, ತಾನಾಗಿ ಸೇರುವ ಆಯ್ಕೆಯನ್ನು ತೆಗೆದುಬಿಡಿ. ವಿಂಡೋಸ್‌ನಲ್ಲಿ, ನೆಟ್‌ವರ್ಕ್ ಹೆಸರು ಸಾರದಿದ್ದರೂ ಸೇರು ಎಂಬ ಪ್ರತ್ಯೇಕ ಆಯ್ಕೆಯೇ ಇರುತ್ತದೆ, ಅದನ್ನೂ ತೆಗೆದುಬಿಡಿ. ಆ ಕಚೇರಿಯ ಕೆಲಸ ಮುಗಿಯಿತೆಂದರೆ ‘ಫರ್ಗೆಟ್’ ಒತ್ತಿ ಅಳಿಸಿಹಾಕಿ. ಪಾಸ್‌ವರ್ಡೇ ಇಲ್ಲದ, ಬಚ್ಚಿಟ್ಟ ನೆಟ್‌ವರ್ಕನ್ನಂತೂ ಫೋನಿನಲ್ಲಿ ಉಳಿಸಿಕೊಳ್ಳಲೇಬೇಡಿ.

ಹಾಗಾದರೆ ಬಾಜೂ ಮನೆಯವರನ್ನೂ ಬಾರದೇ ಇರಬೇಕಾದ ಇತರರನ್ನೂ ತಡೆಯುವುದು ಯಾವುದು? ಪಾಸ್‌ವರ್ಡ್. ಇದನ್ನು ಇಷ್ಟು ಸರಳವಾಗಿ ಹೇಳಿದರೆ ಯಾರೂ ಗಮನ ಕೊಡುವುದಿಲ್ಲ, ಅದಕ್ಕೇ ಲೆಕ್ಕ ಹಾಕಿ ತೋರಿಸುತ್ತೇನೆ.

ನಮ್ಮಲ್ಲಿ ಬಹಳ ಮನೆಗಳ ವೈಫೈ ಪಾಸ್‌ವರ್ಡ್ ಎಂದರೆ ಯಜಮಾನರ ಮೊಬೈಲ್ ನಂಬರು. ಹತ್ತು ಅಂಕಿ ಇದೆ, ಯಾರು ಊಹಿಸುತ್ತಾರೆ ಎಂಬ ಧೈರ್ಯ. ಭಾರತದ ಮೊಬೈಲ್ ನಂಬರು 6, 7, 8 ಅಥವಾ 9ರಿಂದ ಶುರುವಾಗುತ್ತದೆ. ಅಂದರೆ ಇರಬಹುದಾದ ನಂಬರುಗಳು ಒಟ್ಟು 400 ಕೋಟಿ. ಗೇಮ್ ಆಡುವವರು ಕಂಪ್ಯೂಟರಿಗೆ ಹಾಕಿಸಿಕೊಳ್ಳುವ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಒಂದು ಸೆಕೆಂಡಿಗೆ ಹತ್ತು ಲಕ್ಷ ವೈಫೈ ಪಾಸ್‌ವರ್ಡ್‌ಗಳನ್ನು ಪರೀಕ್ಷಿಸಬಲ್ಲದು. 400 ಕೋಟಿಯನ್ನು ಹತ್ತು ಲಕ್ಷದಿಂದ ಭಾಗಿಸಿದರೆ 4,000 ಸೆಕೆಂಡು, ಅಂದರೆ ಒಂದು ತಾಸು ಏಳು ನಿಮಿಷದೊಳಗೆ ದೇಶದ ಯಾವುದೇ ಮೊಬೈಲ್ ನಂಬರು ಸಿಕ್ಕಿಬಿಡುತ್ತದೆ. ನಿಮ್ಮ ನಂಬರು ಅಂಗಡಿಯ ಬೋರ್ಡಿನ ಮೇಲೇ ಇದ್ದರೆ ಅಷ್ಟೂ ಬೇಡ. ಜನ್ಮದಿನಾಂಕದ ಎಂಟು ಅಂಕಿ ಇನ್ನೂ ಕಡೆ: ನೂರು ವರ್ಷದ ದಿನಗಳೆಲ್ಲ ಸೇರಿ ಸುಮಾರು 36,500. ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ.

ಇದೆಲ್ಲ ನಿಮ್ಮ ರೂಟರ್‌ನ ಮುಂದೆ ನಿಂತು ಒಂದೊಂದೇ ಪಾಸ್‌ವರ್ಡ್ ಒತ್ತಿ ನೋಡುವ ಕೆಲಸವಲ್ಲ. ಫೋನು ಮತ್ತು ರೂಟರ್ ಒಂದನ್ನೊಂದು ಗುರುತಿಸಿಕೊಳ್ಳುವ ಕ್ಷಣದ ಸಂದೇಶಗಳನ್ನು ಓಣಿಯಲ್ಲಿ ನಿಂತು ಒಮ್ಮೆ ಹಿಡಿದಿಟ್ಟುಕೊಂಡರೆ ಸಾಕು, ಉಳಿದ ಲೆಕ್ಕವನ್ನು ಬೇರೆ ಊರಿನಲ್ಲಿ ಕೂತು ಮಾಡಬಹುದು. 2004ರಲ್ಲಿ ಬಂದ ಡಬ್ಲ್ಯುಪಿಎ2ರ ದೌರ್ಬಲ್ಯ ಇದು. 2018ರ ಡಬ್ಲ್ಯುಪಿಎ3 ಈ ದಾರಿಯನ್ನು ಮುಚ್ಚಿದೆ. ನಿಮ್ಮ ರೂಟರ್‌ನಲ್ಲಿ ಡಬ್ಲ್ಯುಪಿಎ3 ಇದ್ದರೆ ಅದನ್ನೇ ಆರಿಸಿ, ಹಳೆಯ ಫೋನುಗಳು ಮನೆಯಲ್ಲಿದ್ದರೆ ಎರಡೂ ಸೇರಿದ ಆಯ್ಕೆ ಇರುತ್ತದೆ. ಇನ್ನೂ ಹಳೆಯ ಡಬ್ಲ್ಯುಇಪಿ ಮಾತ್ರ ಕಂಡರೆ ಆ ರೂಟರನ್ನೇ ಬದಲಿಸಬೇಕು, ಆ ರಕ್ಷಣೆಯ ಗೂಢಲಿಪಿ 2001ರಲ್ಲೇ ಮುರಿದುಬಿದ್ದಿದೆ.

ಡಬ್ಲ್ಯುಪಿಎ2ರಲ್ಲಿ ಹೆಸರಿಗೆ ಒಂದು ಪಾತ್ರವಿದೆ, ಅದು ಬಚ್ಚಿಡುವುದಕ್ಕೆ ಸಂಬಂಧಿಸಿದ್ದಲ್ಲ. ರೂಟರ್ ನಿಮ್ಮ ಪಾಸ್‌ವರ್ಡನ್ನೂ ನೆಟ್‌ವರ್ಕ್‌ನ ಹೆಸರನ್ನೂ ಕೂಡಿಸಿ 4,096 ಸುತ್ತು ಲೆಕ್ಕ ಮಾಡಿ ಒಳಗಿನ ಕೀಲಿಯನ್ನು ತಯಾರಿಸುತ್ತದೆ. ಸಾವಿರಾರು ರೂಟರ್‌ಗಳಿಗೆ ಒಂದೇ ಹೆಸರಿದ್ದರೆ ಆ ಹೆಸರಿಗೆ ಮೊದಲೇ ಲೆಕ್ಕ ಹಾಕಿಟ್ಟ ಪಟ್ಟಿಗಳು ಕೆಲಸಕ್ಕೆ ಬರುತ್ತವೆ. ಹೆಸರು ಬೇರೆಯಾದರೆ ಕಳ್ಳ ಮತ್ತೆ ಮೊದಲಿನಿಂದ ಲೆಕ್ಕ ಹಾಕಬೇಕು. ಹಾಗಾಗಿ ಕಂಪನಿಯ ಸಾಮಾನ್ಯ ಹೆಸರು ಬೇಡ, ಮನೆತನದ ಹೆಸರೂ ಬೇಡ. ಎರಡೂ ಅಲ್ಲದ, ಬೇರೆಲ್ಲೂ ಇರದ ಒಂದು ಹೆಸರು ಇಡಿ, ಎಲ್ಲರಿಗೂ ಕಾಣುವಂತೆಯೇ ಇಡಿ.

ಕನ್ನಡದಲ್ಲೇ ಇಡಬಹುದೇ ಎಂದು ಕೇಳುವವರಿದ್ದಾರೆ. ಇಡಬಹುದು. ಆದರೆ ಹೆಸರಿಗೆ ಸಿಗುವ ಜಾಗ 32 ಬೈಟ್ ಮಾತ್ರ. ಇಂಗ್ಲಿಷಿನ ಅಕ್ಷರ ಒಂದು ಬೈಟ್ ಹಿಡಿದರೆ ಕನ್ನಡದ ಅಕ್ಷರ, ಗುಣಿತದ ಚಿಹ್ನೆ, ಒತ್ತಿನ ಕೊಂಡಿ ಪ್ರತಿಯೊಂದೂ ಮೂರು ಮೂರು ಬೈಟ್ ಹಿಡಿಯುತ್ತವೆ. ಜಮಖಂಡಿಗೆ 18 ಬೈಟ್, ಮುಧೋಳಕ್ಕೂ ಬೀಳಗಿಗೂ 15, ಇವು ಆರಾಮಾಗಿ ಕೂರುತ್ತವೆ. ‘ರಬಕವಿ-ಬನಹಟ್ಟಿ’ಗೆ 37 ಬೇಕು, ಅದು ಹಿಡಿಸುವುದಿಲ್ಲ. ಆ ಊರಿನವರು ರಬಕವಿಯನ್ನೋ ಬನಹಟ್ಟಿಯನ್ನೋ ಒಂದನ್ನು ಆರಿಸಬೇಕಾಗುತ್ತದೆ.

ಪಾಸ್‌ವರ್ಡ್ ಮಾತ್ರ ಉದ್ದವಾಗಿರಲಿ. ಎಂಟರಿಂದ 63 ಅಕ್ಷರದವರೆಗೆ ಅವಕಾಶವಿದೆ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಾಗಿ ಬರೆದು, ನಡುವೆ ಎಲ್ಲಾದರೂ ಒಂದೆರಡು ಅಂಕಿ ಹಾಕಿದರೆ ಮನೆಯ ಹಿರಿಯರಿಗೂ ನೆನಪಿರುತ್ತದೆ, ಯಂತ್ರಕ್ಕೂ ಎಟಕುವುದಿಲ್ಲ. ಗಾದೆಯ ಸಾಲು, ಸಿನಿಮಾದ ಹಾಡು ಬೇಡ, ಅವೆಲ್ಲ ಊಹಿಸುವವರ ಪಟ್ಟಿಯಲ್ಲಿ ಇರಬಹುದಾದಂಥವು.

ಬಹಳ ರೂಟರ್‌ಗಳಲ್ಲಿ, ಪಾಸ್‌ವರ್ಡ್ ಒತ್ತದೆಯೇ ಸೇರಲು, ಡಬ್ಲ್ಯುಪಿಎಸ್ ಎಂಬ ಗುಂಡಿಯೂ ಪಿನ್ನೂ ಇರುತ್ತವೆ. ಪಿನ್ ಎಂಟು ಅಂಕಿಯದು, ಹಾಗೆ ನೋಡಿದರೆ ಹತ್ತು ಕೋಟಿ ಸಾಧ್ಯತೆ. ಆದರೆ ರೂಟರ್ ಅದನ್ನು ಅರ್ಧರ್ಧವಾಗಿ ಪರೀಕ್ಷಿಸುತ್ತದೆ, ಕೊನೆಯ ಅಂಕಿ ಉಳಿದವುಗಳಿಂದಲೇ ಲೆಕ್ಕಕ್ಕೆ ಸಿಗುತ್ತದೆ. ಹೀಗಾಗಿ 10,000ಕ್ಕೆ 1,000 ಸೇರಿ 11,000 ಪ್ರಯತ್ನದೊಳಗೆ ಬಾಗಿಲು ತೆರೆಯುತ್ತದೆ ಎಂದು 2011ರ ಡಿಸೆಂಬರ್‌ನಲ್ಲಿ ಸ್ಟೆಫಾನ್ ಫೀಬೋಕ್ ಎಂಬ ಸಂಶೋಧಕ ತೋರಿಸಿದರು. ಪಾಸ್‌ವರ್ಡ್ ಎಷ್ಟೇ ಗಟ್ಟಿ ಇದ್ದರೂ ಈ ಪಿನ್ ಚಾಲೂ ಇದ್ದರೆ ವ್ಯರ್ಥ. ಬಂದ್ ಮಾಡಿ.

ಎಲ್ಲಕ್ಕಿಂತ ಹೆಚ್ಚು ಮರೆತುಹೋಗುವುದು ರೂಟರ್‌ನದೇ ಪಾಸ್‌ವರ್ಡ್. ವೈಫೈಗೆ ಒಂದು ಪಾಸ್‌ವರ್ಡ್, ರೂಟರ್‌ನ ಸೆಟ್ಟಿಂಗ್ಸ್ ಒಳಗೆ ಹೋಗಲು ಇನ್ನೊಂದು. ಎರಡನೆಯದು ಬಹಳ ಕಡೆ ಕಾರ್ಖಾನೆಯಿಂದ ಬಂದ ‘ಅಡ್ಮಿನ್’ ಎಂಬುದಾಗಿಯೇ ಉಳಿದಿರುತ್ತದೆ. ಇದರ ಬೆಲೆಯನ್ನು ಕರ್ನಾಟಕ 2017ರ ಜುಲೈನಲ್ಲಿ ತೆತ್ತಿದೆ. ಆಗ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಗ್ರಾಹಕರ ಮೋಡೆಮ್‌ಗಳ ಮೇಲೆ ದುಷ್ಟ ತಂತ್ರಾಂಶವೊಂದು ದಾಳಿ ಮಾಡಿತು, ಕರ್ನಾಟಕ ವೃತ್ತದ ಗ್ರಾಹಕರೂ ಅದರಲ್ಲಿ ಸಿಕ್ಕಿಕೊಂಡರು. ಹಾಳಾದವು ಕಾರ್ಖಾನೆಯ ಪಾಸ್‌ವರ್ಡನ್ನು ಬದಲಿಸದೆ ಬಿಟ್ಟಿದ್ದ ಮೋಡೆಮ್‌ಗಳು. ಪಾಸ್‌ವರ್ಡ್ ಬದಲಿಸಿಕೊಳ್ಳಿ ಎಂದು ಸಂಸ್ಥೆ ಗ್ರಾಹಕರಿಗೆ ತಿಳಿಸಬೇಕಾಯಿತು. ದಾಳಿ ಇಂಟರ್‌ನೆಟ್ ಕಡೆಯಿಂದ ಬಂದದ್ದು, ವೈಫೈ ಹೆಸರು ಕಾಣುತ್ತಿತ್ತೋ ಬಚ್ಚಿಟ್ಟಿತ್ತೋ ಅದಕ್ಕೆ ಬೇಕಾಗಿಯೇ ಇರಲಿಲ್ಲ. ರೂಟರ್‌ನ ಹಿಂಬದಿಯ ಚೀಟಿಯಲ್ಲಿ 192.168 ಎಂದು ಶುರುವಾಗುವ ವಿಳಾಸವಿರುತ್ತದೆ. ಅದನ್ನು ಬ್ರೌಸರ್‌ನಲ್ಲಿ ಹಾಕಿ ಒಳಹೋಗಿ ಈ ಪಾಸ್‌ವರ್ಡ್ ಬದಲಿಸಿ, ಹಾಗೆಯೇ ರೂಟರ್‌ನೊಳಗಿನ ತಂತ್ರಾಂಶದ (ಫರ್ಮ್‌ವೇರ್) ಹೊಸ ಆವೃತ್ತಿ ಬಂದಿದ್ದರೆ ಹಾಕಿಕೊಳ್ಳಿ. ಕನೆಕ್ಷನ್ ಕೊಡುವ ಹುಡುಗರು ಬಂದಾಗಲೇ ಮುಂದೆ ಕೂತು ಮಾಡಿಸಿಕೊಳ್ಳುವುದು ಒಳ್ಳೆಯದು.

‘ನಮ್ಮ ನೆಟ್ ಯಾರಾದ್ರೂ ಬಳಸಿದ್ರ ಏನ್ ಹೋಗ್ತೈತ್ರಿ, ಅನ್‌ಲಿಮಿಟೆಡ್ ಐತಲ್ಲ’ ಎನ್ನುವ ಉದಾರಿಗಳಿಗೆ 2008ರ ಒಂದು ಪ್ರಕರಣ ನೆನಪಿಸಬೇಕು. ಆ ವರ್ಷ ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಬಾಂಬ್ ಸ್ಫೋಟವಾಗಿ 50ಕ್ಕೂ ಹೆಚ್ಚು ಜನ ಸತ್ತರು. ಸ್ಫೋಟಕ್ಕೆ ಕೆಲವೇ ನಿಮಿಷ ಮೊದಲು ಸುದ್ದಿಸಂಸ್ಥೆಗಳಿಗೆ ಬಂದ ಬೆದರಿಕೆ ಇಮೇಲ್‌ನ ಜಾಡು ಹಿಡಿದ ಪೊಲೀಸರು ತಲುಪಿದ್ದು ನವಿ ಮುಂಬೈನ ಒಬ್ಬ ಅಮೆರಿಕನ್ನರ ಮನೆಗೆ. ಅವರ ವೈಫೈ ತೆರೆದಿತ್ತು, ಬೇರೆಯವರು ಅದನ್ನು ಬಳಸಿ ಇಮೇಲ್ ಕಳಿಸಿದ್ದರು. ಅವರ ತಪ್ಪಿಲ್ಲ ಎಂದು ಸಾಬೀತಾಗುವವರೆಗೆ ವಿಚಾರಣೆ, ಪತ್ರಿಕೆಗಳ ಮುಖಪುಟ ಎಲ್ಲವನ್ನೂ ಎದುರಿಸಬೇಕಾಯಿತು. ಮುಂದಿನ ಎರಡು ತಿಂಗಳಲ್ಲಿ ಮುಂಬೈನ ಒಂದು ಕಾಲೇಜಿನ, ಒಂದು ಖಾಸಗಿ ಕಂಪನಿಯ ವೈಫೈಗಳೂ ಹೀಗೇ ದುರ್ಬಳಕೆಯಾದವು. ಆ ನಂತರ, 2009ರಲ್ಲಿ ಕೇಂದ್ರದ ದೂರಸಂಪರ್ಕ ಇಲಾಖೆ ವೈಫೈ ಸುರಕ್ಷತೆಯ ಬಗ್ಗೆ ಸೇವಾ ಕಂಪನಿಗಳಿಗೆ ನಿರ್ದೇಶನ ಕೊಟ್ಟಿತು. ಅಪರಾಧ ನಡೆದಾಗ ಕಂಪನಿಯ ದಾಖಲೆಯಲ್ಲಿ ಸಿಗುವುದು ಬಿಲ್ಲು ಯಾರ ಹೆಸರಿನಲ್ಲಿದೆಯೋ ಅವರ ವಿಳಾಸ.

ಇದರಿಂದ ಅತಿಥಿಗಳಿಗೆ ನೆಟ್ ಕೊಡಲೇಬಾರದು ಎಂದು ತಿಳಿಯಬೇಕಿಲ್ಲ. ಈಗಿನ ಬಹುತೇಕ ರೂಟರ್‌ಗಳಲ್ಲಿ ‘ಗೆಸ್ಟ್ ನೆಟ್‌ವರ್ಕ್’ ಎಂಬ ಸೌಲಭ್ಯವಿದೆ, ಬಚ್ಚಿಡುವ ಗುಂಡಿಗಿಂತ ಅದು ನೂರು ಪಾಲು ಉಪಯುಕ್ತ. ಸೀರೆ ನೋಡಲು ಬಂದ ವ್ಯಾಪಾರಿಗೆ, ಖಾನಾವಳಿಗೆ ಊಟಕ್ಕೆ ಬಂದವರಿಗೆ, ಬೀಗರಿಗೆ ಆ ಬೇರೆ ಹೆಸರು, ಬೇರೆ ಪಾಸ್‌ವರ್ಡ್ ಕೊಡಿ. ಅಂಗಡಿಯ ಲೆಕ್ಕದ ಕಂಪ್ಯೂಟರು, ಮನೆಯ ಫೋನುಗಳು ಇನ್ನೊಂದರಲ್ಲಿ ಇರಲಿ. ಸಿಸಿಟಿವಿ ಕ್ಯಾಮೆರಾ, ಸ್ಮಾರ್ಟ್ ಟಿವಿಗಳನ್ನೂ ಗೆಸ್ಟ್ ಕಡೆಗೇ ಹಾಕಬಹುದು. ಗೆಸ್ಟ್ ಪಾಸ್‌ವರ್ಡನ್ನು ಆಗಾಗ ಬದಲಿಸಿದರೂ ಮನೆಯವರಿಗೆ ತೊಂದರೆಯಾಗುವುದಿಲ್ಲ.

ಯಾರೋ ಒಳಗೆ ಸೇರಿದ್ದಾರೆ ಎಂಬ ಅನುಮಾನ ಬಂದರೆ ರೂಟರ್‌ನ ಸೆಟ್ಟಿಂಗ್ಸ್‌ನಲ್ಲಿ ಸೇರಿಕೊಂಡಿರುವ ಸಾಧನಗಳ ಪಟ್ಟಿ ನೋಡಿ, ಮನೆಯ ಫೋನುಗಳೊಂದಿಗೆ ತಾಳೆ ಹಾಕಿ. ಲೆಕ್ಕ ಹೊಂದದಿದ್ದರೆ ವೈಫೈನದು, ರೂಟರ್‌ನದು ಎರಡೂ ಪಾಸ್‌ವರ್ಡ್ ಬದಲಿಸಿ. ಖಾತೆಯಿಂದ ಹಣವೇ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಬೇಗ ತಿಳಿಸಿದಷ್ಟೂ ಹಣ ಮುಂದಿನ ಖಾತೆಗೆ ದಾಟುವ ಮೊದಲು ತಡೆಹಿಡಿಯುವ ಅವಕಾಶ ಹೆಚ್ಚು.

ಇಷ್ಟು ಓದಿ ರೂಟರ್‌ನ ಹೆಸರನ್ನು ಮತ್ತೆ ಕಾಣುವಂತೆ ಮಾಡಿದವರು ಒಂದನ್ನು ಮರೆಯಬಾರದು. ಫೋನಿನಲ್ಲಿ ಆ ನೆಟ್‌ವರ್ಕ್ ಇನ್ನೂ ‘ಹಿಡನ್’ ಎಂದೇ ದಾಖಲಾಗಿರುತ್ತದೆ, ಅದು ಹೋದಲ್ಲೆಲ್ಲ ಹೆಸರು ಕೇಳುವುದನ್ನು ನಿಲ್ಲಿಸುವುದಿಲ್ಲ. ಹಾಗಾಗಿ ‘ಫರ್ಗೆಟ್’ ಒತ್ತಿ ಅಳಿಸಿ, ಪಟ್ಟಿಯಲ್ಲಿ ಈಗ ಕಾಣುವ ಹೆಸರಿನ ಮೇಲೆ ಒತ್ತಿ ಹೊಸದಾಗಿ ಸೇರಬೇಕು. ಮನೆಯ ಎಲ್ಲರ ಫೋನಿನಲ್ಲೂ ಇದನ್ನು ಮಾಡಬೇಕು. ಹುಬ್ಬಳ್ಳಿಯಲ್ಲಿ ಓದುತ್ತಿರುವ ಮಗಳಿಗೂ ಬೆಂಗಳೂರಿನಲ್ಲಿ ಕೆಲಸಕ್ಕಿರುವ ತಮ್ಮನಿಗೂ ಒಂದು ಫೋನು ಮಾಡಿ ತಿಳಿಸಿ. ಹಬ್ಬಕ್ಕೆ ಬಂದಾಗ ಅವರೂ ಆ ನೆಟ್‌ವರ್ಕ್‌ಗೆ ಸೇರಿಕೊಂಡಿದ್ದವರೇ.